ಲೆಕ್ಕ ಮೊದಲು, ಕಿಟಕಿ ಆಮೇಲೆ
ಜಾವಾದ ಸಿದ್ಧ ಲೈಬ್ರರಿ ಬಳಸಿ ಡೆಸ್ಕ್‌ಟಾಪ್ ಪ್ರೋಗ್ರಾಂ ಕಟ್ಟುವವರಿಗೆ

ಕ್ಲಾಸ್ ಎಂದರೇನು, ಆಬ್ಜೆಕ್ಟ್ ಎಂದರೇನು, ಇನ್‌ಹೆರಿಟೆನ್ಸ್ ಎಷ್ಟು ಬಗೆ ಎಂಬ ಪ್ರಶ್ನೆಗಳಿಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವರು ನೀವು. ರಜೆಗೆ ಊರಿಗೆ ಹೋದಾಗ ಹಾಲಿನ ಡೈರಿಯ ಕಾರ್ಯದರ್ಶಿ, ‘ದಿನದ ಲೆಕ್ಕ ಬರೆಯೋಕೆ ಕಂಪ್ಯೂಟರಿನಲ್ಲಿ ಏನಾದ್ರೂ ಮಾಡಿಕೊಡ್ತೀಯೇನಪ್ಪಾ?’ ಎಂದು ಕೇಳುತ್ತಾರೆ. ಉತ್ಸಾಹದಿಂದ ಕೂರುತ್ತೀರಿ. ಎರಡು ದಿನವಾದರೂ ಕೆಲಸ ಮುಂದೆ ಹೋಗುವುದಿಲ್ಲ. ಮೂರು ಬಟನ್ ಹಾಕಿದರೆ ಒಂದೇ ಕಾಣುತ್ತದೆ. ‘ಸೇರಿಸು’ ಒತ್ತಿದರೆ ಕಿಟಕಿ ಕಲ್ಲಿನಂತೆ ನಿಂತುಬಿಡುತ್ತದೆ. ಒಟ್ಟು ಮೊತ್ತದಲ್ಲಿ ಪೈಸೆ ಆಚೀಚೆ ಆಗುತ್ತದೆ. ಫೈಲಿನಲ್ಲಿ ಉಳಿಸಿದ ಕನ್ನಡದ ಹೆಸರು ಮರುದಿನ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮರಳುತ್ತದೆ.

ಹೀಗೆ ಸಿಕ್ಕಿಹಾಕಿಕೊಂಡವರ ಕೋಡ್ ತೆರೆದು ನೋಡಿದಾಗಲೆಲ್ಲ ನನಗೆ ಕಂಡಿದ್ದು ಒಂದೇ: ಅವರು ಮೊದಲು ಬರೆದಿದ್ದು ಕಿಟಕಿಯನ್ನು. ಲೆಕ್ಕ, ಫೈಲು, ತಪ್ಪು ಪರಿಶೀಲನೆ ಎಲ್ಲವೂ ಬಟನ್ನಿನ ಹೊಟ್ಟೆಯೊಳಗೆ ಸೇರಿಕೊಂಡಿರುತ್ತವೆ. ಈ ಲೇಖನದಲ್ಲಿ ಆ ಕ್ರಮವನ್ನು ತಿರುಗಿಸೋಣ. ಉದಾಹರಣೆಗೆ ಅದೇ ಹಾಲಿನ ಲೆಕ್ಕವನ್ನು ಇಟ್ಟುಕೊಳ್ಳೋಣ: ಸದಸ್ಯ ಸಂಖ್ಯೆ, ತಾರೀಕು, ಬೆಳಿಗ್ಗೆ ಅಥವಾ ಸಂಜೆ, ಲೀಟರ್, ಫ್ಯಾಟ್, ದರ, ಹಣ.

ಹಿನ್ನೆಲೆ ಸ್ವಲ್ಪ ಸಾಕು. ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಜಾವಾವನ್ನು ಹೊರತಂದಿತು. ಕಿಟಕಿ ಕಟ್ಟುವ ಸ್ವಿಂಗ್ ಮತ್ತು ಪಟ್ಟಿ, ಮ್ಯಾಪ್‌ಗಳ ಕಲೆಕ್ಷನ್ಸ್ ಲೈಬ್ರರಿ ಎರಡೂ 1998ರ ಡಿಸೆಂಬರಿನಲ್ಲಿ ಬಂದ 1.2ನೇ ಆವೃತ್ತಿಯೊಂದಿಗೆ ಜಾವಾದ ಭಾಗವಾದವು. ಕಿಟಕಿ ಕಟ್ಟಲೆಂದೇ ಆಮೇಲೆ ಬಂದ ಜಾವಾಎಫ್‌ಎಕ್ಸ್ ಅನ್ನು 2018ರ 11ನೇ ಆವೃತ್ತಿಯಿಂದ, ಸನ್ ನಂತರ ಜಾವಾವನ್ನು ನೋಡಿಕೊಳ್ಳುವ ಒರಾಕಲ್ ತನ್ನ ಜೆಡಿಕೆಯಿಂದ ಹೊರಗಿಟ್ಟಿತು. ಸ್ವಿಂಗ್ ಇನ್ನೂ ಒಳಗೇ ಇದೆ. ಹಾಗಾಗಿ ಕಲಿಯುವವರಿಗೆ ನಾನು ಸ್ವಿಂಗನ್ನೇ ಹೇಳುತ್ತೇನೆ. ಬೇರೇನನ್ನೂ ಇಳಿಸಿಕೊಳ್ಳಬೇಕಿಲ್ಲ, ಇಂಟರ್ನೆಟ್ ಇಲ್ಲದ ಊರಿನ ಕಂಪ್ಯೂಟರಿನಲ್ಲೂ ಓಡುತ್ತದೆ.

ನೀವು ಕರೆಯುವುದು, ನಿಮ್ಮನ್ನು ಕರೆಯುವುದು

ಹೆಜ್ಜೆಗಳಿಗೆ ಮೊದಲು ಒಂದು ವಿಷಯ ಮನಸ್ಸಿಗೆ ಇಳಿಯಬೇಕು. ಸಿದ್ಧ ಲೈಬ್ರರಿಯನ್ನು ನೀವು ಕರೆಯುತ್ತೀರಿ. ಪಟ್ಟಿಗೆ ಸೇರಿಸು ಎಂದರೆ ಸೇರಿಸುತ್ತದೆ, ತಾರೀಕು ಹೇಳು ಎಂದರೆ ಹೇಳುತ್ತದೆ, ಕೆಲಸ ಮುಗಿಸಿ ಮುಂದಿನ ಸಾಲಿಗೆ ನಿಮ್ಮನ್ನು ಬಿಟ್ಟುಕೊಡುತ್ತದೆ. ಕಿಟಕಿಯ ರೀತಿ ಇದಕ್ಕೆ ತಿರುಗುಮುರುಗು. ಕಿಟಕಿ ತೆರೆದ ಮೇಲೆ ಪ್ರೋಗ್ರಾಮಿನ ಲಗಾಮು ನಿಮ್ಮ ಕೈಯಲ್ಲಿ ಇರುವುದಿಲ್ಲ. ಯಾರೋ ಬಟನ್ ಒತ್ತಿದಾಗ, ಕಿಟಕಿಯ ಅಳತೆ ಬದಲಿಸಿದಾಗ, ಸ್ವಿಂಗ್ ನಿಮ್ಮ ಮೆಥಡ್ಡನ್ನು ಕರೆಯುತ್ತದೆ. ಯಾವಾಗ ಕರೆದೀತು, ಯಾವ ಕ್ರಮದಲ್ಲಿ ಕರೆದೀತು ಎಂಬುದನ್ನು ತೀರ್ಮಾನಿಸುವವರು ಬಳಸುವ ವ್ಯಕ್ತಿ.

ಲೆಕ್ಕವನ್ನು ಕಿಟಕಿಯಿಂದ ಬೇರ್ಪಡಿಸಬೇಕು ಎನ್ನುವುದಕ್ಕೆ ಇದೇ ಕಾರಣ. ನೀವು ಕರೆಯುವ ಕೋಡನ್ನು ಪರೀಕ್ಷಿಸುವುದು ಸುಲಭ: ಎರಡು ಸಾಲು ಬರೆದು ಉತ್ತರ ನೋಡಿದರಾಯಿತು. ನಿಮ್ಮನ್ನು ಕರೆಯುವ ಕೋಡನ್ನು ಪರೀಕ್ಷಿಸಲು ಪ್ರತಿ ಸಲ ಕಿಟಕಿ ತೆರೆದು, ಟೈಪಿಸಿ, ಒತ್ತಿ ನೋಡಬೇಕು. ಎರಡನ್ನೂ ಕಲೆಸಿದರೆ ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ. 1970ರ ದಶಕದ ಕೊನೆಯಲ್ಲಿ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಸ್ಮಾಲ್‌ಟಾಕ್ ಭಾಷೆಯೊಂದಿಗೆ ಕೆಲಸ ಮಾಡುತ್ತಿದ್ದ ಟ್ರಿಗ್ವೆ ರೀನ್ಸ್‌ಕೌಗ್ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ವಿಂಗಡಣೆಯನ್ನು ಮುಂದಿಟ್ಟಿದ್ದರ ಹಿಂದೆಯೂ ಇಂಥದೇ ಯೋಚನೆ ಇತ್ತು. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇಷ್ಟು ನೆನಪಿಡಿ: ಕಿಟಕಿಗೆ ಲೆಕ್ಕ ಬರಬಾರದು, ಲೆಕ್ಕಕ್ಕೆ ಕಿಟಕಿ ಇದೆಯೆಂದೇ ಗೊತ್ತಿರಬಾರದು.

ಮೊದಲ ಭಾಗ: ಕಿಟಕಿಯಿಲ್ಲದ ಲೆಕ್ಕ

1. ಒಂದು ಸಲದ ಹಾಲಿಗೆ ಒಂದು ಕ್ಲಾಸ್. ಜಾವಾದಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ‘ದಾಖಲೆ’ ಎಂಬ ಹೆಸರಿನ ಕ್ಲಾಸ್ ನೇರವಾಗಿ ಕಂಪೈಲ್ ಆಗುತ್ತದೆ. ಫೈಲನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ; ಜೆಡಿಕೆ 18ಕ್ಕಿಂತ ಹಿಂದಿನದಾದರೆ ಅದು ಯುಟಿಎಫ್-8 ಎಂದು ಕಂಪೈಲರಿಗೂ ತಿಳಿಸಿ. 2021ರ 16ನೇ ಆವೃತ್ತಿ ಅಥವಾ ಅದರ ನಂತರದ್ದು ನಿಮ್ಮಲ್ಲಿದ್ದರೆ ಇದನ್ನು ಸಾಮಾನ್ಯ ಕ್ಲಾಸ್ ಮಾಡದೆ ‘ರೆಕಾರ್ಡ್’ ಮಾಡಿ. ಕನ್‌ಸ್ಟ್ರಕ್ಟರ್, ಈಕ್ವಲ್ಸ್, ಹ್ಯಾಶ್‌ಕೋಡ್ ಎಲ್ಲವನ್ನೂ ಕಂಪೈಲರೇ ಬರೆದುಕೊಡುತ್ತದೆ. ಒಮ್ಮೆ ಬರೆದ ದಾಖಲೆಯನ್ನು ಆಮೇಲೆ ಯಾರೂ ಸದ್ದಿಲ್ಲದೆ ತಿದ್ದಲಾಗದು. ಹಣದ ಲೆಕ್ಕದಲ್ಲಿ ಇದು ಬೇಕಾದ ಗುಣ.

2. ಹಣಕ್ಕೂ ಲೀಟರಿಗೂ ಬಿಗ್‌ಡೆಸಿಮಲ್. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಹೆಚ್ಚಿನ ಪ್ರೋಗ್ರಾಮುಗಳು ಕಾರ್ಯದರ್ಶಿಯ ನಂಬಿಕೆ ಕಳೆದುಕೊಳ್ಳುವುದು ಇದೇ ಜಾಗದಲ್ಲಿ. ಡಬಲ್ ಎಂಬ ಬಗೆ ಸಂಖ್ಯೆಗಳನ್ನು ಎರಡರ ಘಾತಗಳ ಮೊತ್ತವಾಗಿ ಇಟ್ಟುಕೊಳ್ಳುತ್ತದೆ. ಹತ್ತನೇ ಒಂದು ಭಾಗವನ್ನು ಆ ರೀತಿಯಲ್ಲಿ ಕರಾರುವಾಕ್ಕಾಗಿ ಬರೆಯಲು ಆಗುವುದೇ ಇಲ್ಲ. ಹಾಗಾಗಿ ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 4.35ನ್ನು 100ರಿಂದ ಗುಣಿಸಿ ಪೂರ್ಣಾಂಕಕ್ಕೆ ಇಳಿಸಿದರೆ 435 ಬರುವುದಿಲ್ಲ, 434 ಬರುತ್ತದೆ. ಒಂದು ಪೈಸೆ ಹೋಯಿತು.

ಬಿಗ್‌ಡೆಸಿಮಲ್ ದಶಮಾಂಶವನ್ನು ದಶಮಾಂಶವಾಗಿಯೇ ಇಡುತ್ತದೆ. ಆದರೆ ಅದನ್ನು ಯಾವಾಗಲೂ ಸ್ಟ್ರಿಂಗ್‌ನಿಂದ ಕಟ್ಟಬೇಕು, ಅಂದರೆ ಉದ್ಧರಣ ಚಿಹ್ನೆಯೊಳಗಿನ "0.1" ಕೊಡಬೇಕು. ಡಬಲ್ ಕೊಟ್ಟರೆ ಡಬಲ್‌ನ ದೋಷವೂ ಜೊತೆಗೇ ಒಳಗೆ ಬರುತ್ತದೆ.

ಪೈಸೆಗೆ ಸರಿಗೊಳಿಸುವುದನ್ನು ಎಲ್ಲಿ ಮಾಡುತ್ತೀರಿ ಎಂಬುದೂ ಮುಖ್ಯ. ದರ 36.05 ರೂಪಾಯಿ, ಹಾಲು 6.5 ಲೀಟರ್ ಎಂದಿಟ್ಟುಕೊಳ್ಳಿ. ಹಣ 234.325. ಅರ್ಧ ಬಂದರೆ ಮೇಲಕ್ಕೆ ಎಂಬ ನಿಯಮ, ಅಂದರೆ ‘ಹಾಫ್ ಅಪ್’, ಇದನ್ನು 234.33 ಮಾಡುತ್ತದೆ, ಅರ್ಧ ಬಂದರೆ ಹತ್ತಿರದ ಸಮ ಅಂಕಿಗೆ ಎಂಬ ‘ಹಾಫ್ ಈವನ್’ ಇದನ್ನೇ 234.32 ಮಾಡುತ್ತದೆ. ಹದಿನೈದು ದಿನಕ್ಕೆ ಬೆಳಿಗ್ಗೆ ಸಂಜೆ ಸೇರಿ 30 ದಾಖಲೆ. ಪ್ರತಿಯೊಂದನ್ನೂ ಮೇಲಕ್ಕೆ ಸರಿಗೊಳಿಸಿ ಕೂಡಿಸಿದರೆ 7029.90, ಕೂಡಿಸಿ ಕೊನೆಗೊಮ್ಮೆ ನೋಡಿದರೆ 7029.75. ಹದಿನೈದು ಪೈಸೆಯ ವ್ಯತ್ಯಾಸ. ಯಾವುದು ಸರಿ ಎಂದು ತೀರ್ಮಾನಿಸುವ ಅಧಿಕಾರ ಪ್ರೋಗ್ರಾಂ ಬರೆಯುವವರಿಗಿಲ್ಲ. ಡೈರಿಯ ಪುಸ್ತಕದಲ್ಲಿ ಹೇಗೆ ಮಾಡುತ್ತಾರೋ ಕೇಳಿ, ಹಾಗೆಯೇ ಮಾಡಿ.

3. ತಾರೀಕಿಗೆ ಲೋಕಲ್‌ಡೇಟ್. ಹಳೆಯ ಪುಸ್ತಕಗಳಲ್ಲಿ ಡೇಟ್, ಕ್ಯಾಲೆಂಡರ್ ಕ್ಲಾಸುಗಳು ಸಿಗುತ್ತವೆ. ಕ್ಯಾಲೆಂಡರಿನಲ್ಲಿ ಜನವರಿ ಸೊನ್ನೆ, ಡಿಸೆಂಬರ್ 11. ಹೊಸಬರ ದಾರಿ ತಪ್ಪಿಸಲು ಅಷ್ಟು ಸಾಕು. 2014ರಲ್ಲಿ ಬಂದ ಜಾವಾ 8ರ ತಾರೀಕಿನ ಲೈಬ್ರರಿಯಲ್ಲಿ ಜನವರಿ ಎಂದರೆ 1. ಅದನ್ನೇ ಬಳಸಿ.

4. ಸದಸ್ಯರ ಖಾತೆಗಳಿಗೆ ಟ್ರೀಮ್ಯಾಪ್. ಸದಸ್ಯ ಸಂಖ್ಯೆ ಕೀಲಿ, ಅವರ ದಾಖಲೆಗಳ ಪಟ್ಟಿ ಮೌಲ್ಯ. ಟ್ರೀಮ್ಯಾಪ್ ಕೀಲಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಿರುವುದರಿಂದ ಬಟವಾಡೆಯ ಪಟ್ಟಿ ತಾನಾಗಿಯೇ ಸಾಲಾಗಿ ಬರುತ್ತದೆ. ಕೀಲಿಯನ್ನು ಇಂಟಿಜರ್ ಮಾಡಿ. ಸ್ಟ್ರಿಂಗ್ ಮಾಡಿದರೆ ‘10’ ಎಂಬುದು ‘2’ಕ್ಕಿಂತ ಮುಂಚೆ ಬಂದು ಕೂರುತ್ತದೆ. ವೇರಿಯಬಲ್‌ಗೆ ಬಗೆ ಬರೆಯುವಾಗ ಅರೇಲಿಸ್ಟ್ ಎನ್ನದೆ ಲಿಸ್ಟ್ ಎನ್ನಿ, ಟ್ರೀಮ್ಯಾಪ್ ಎನ್ನದೆ ಮ್ಯಾಪ್ ಎನ್ನಿ. ಇವು ಇಂಟರ್‌ಫೇಸ್‌ಗಳು, ಅಂದರೆ ಏನು ಮಾಡಬಲ್ಲೆ ಎಂಬ ಮಾತುಕೊಡುವಿಕೆ; ಹೇಗೆ ಮಾಡುತ್ತೇನೆ ಎಂಬುದು ಒಳಗಿನ ಗುಟ್ಟು. ನಾಳೆ ಒಳಗಿನದನ್ನು ಬದಲಿಸಿದರೂ ಉಳಿದ ಕೋಡ್ ಮುಟ್ಟಬೇಕಿಲ್ಲ. ಪರೀಕ್ಷೆಗೆ ಓದಿದ ಪಾಲಿಮಾರ್ಫಿಸಂ ಉಪಯೋಗಕ್ಕೆ ಬರುವುದು ಇಲ್ಲಿ.

5. ಉಳಿಸಲು ಫೈಲ್ಸ್ ಕ್ಲಾಸ್. ದಾಖಲೆಗೆ ಒಂದು ಸಾಲು, ಅಂಕಣಗಳ ನಡುವೆ ಅಲ್ಪವಿರಾಮ. ಈ ಫೈಲಿನಲ್ಲಿ ಹೆಸರು ಬೇಡ, ಸದಸ್ಯ ಸಂಖ್ಯೆ ಸಾಕು. ಹೆಸರಿನಲ್ಲಿ ಅಲ್ಪವಿರಾಮ ಬಂದರೆ ಅಂಕಣಗಳೆಲ್ಲ ಜಾರಿಬಿಡುತ್ತವೆ. ಹೆಸರುಗಳಿಗೆ ಬೇರೆ ಫೈಲಿರಲಿ. ಕನ್ನಡ ಪ್ರಶ್ನಾರ್ಥಕ ಚಿಹ್ನೆಯಾಗುವ ಕಾಟಕ್ಕೆ ಮೂಲ ಹಳೆಯ ಫೈಲ್‌ರೀಡರ್, ಫೈಲ್‌ರೈಟರ್ ಕ್ಲಾಸುಗಳು. ಯಾವ ಎನ್‌ಕೋಡಿಂಗ್ ಎಂದು ಹೇಳದಿದ್ದರೆ ಜೆಡಿಕೆ 18ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅವು ಆಯಾ ಕಂಪ್ಯೂಟರಿನ ರೂಢಿಯ ಎನ್‌ಕೋಡಿಂಗ್ ಹಿಡಿಯುತ್ತಿದ್ದವು; ಬಹಳಷ್ಟು ವಿಂಡೋಸ್ ಯಂತ್ರಗಳಲ್ಲಿ ಅದರಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಫೈಲ್ಸ್ ಕ್ಲಾಸಿನ ರೀಡ್‌ಆಲ್‌ಲೈನ್ಸ್ ನೀವು ಹೇಳದಿದ್ದರೂ ಯುಟಿಎಫ್-8 ಎಂದೇ ಓದುತ್ತದೆ.

ಇಷ್ಟಾದ ಮೇಲೆ ‘ಖಾತೆ’ ಎಂಬ ಇನ್ನೊಂದು ಕ್ಲಾಸ್ ಬರೆಯಿರಿ. ಅದಕ್ಕೆ ಸೇರಿಸು, ಒಟ್ಟು, ಉಳಿಸು, ಓದು ಎಂಬ ನಾಲ್ಕೇ ಮೆಥಡ್ ಇರಲಿ. ಕಿಟಕಿ ಇನ್ನೂ ಬೇಡ. ಜಾವಾ 9ರಿಂದ ಜೊತೆಗೆ ಬರುವ ಜೆಶೆಲ್ ತೆರೆದು ಒಂದೊಂದು ಸಾಲು ಟೈಪಿಸಿ, ಹತ್ತು ದಾಖಲೆ ಹಾಕಿ, ಉತ್ತರವನ್ನು ಕಾಗದದ ಲೆಕ್ಕದ ಜೊತೆ ತಾಳೆ ನೋಡಿ. ಲೈಬ್ರರಿಯ ಯಾವ ಮೆಥಡ್ ಬಗ್ಗೆ ಅನುಮಾನ ಬಂದರೂ ಜೆಶೆಲ್‌ನಲ್ಲಿ ಕೇಳಿ ನೋಡುವ ಅಭ್ಯಾಸ ಬೆಳೆಸಿಕೊಂಡರೆ ಅರ್ಧ ಪುಸ್ತಕ ಓದಿದ ಹಾಗೆ.

ಎರಡನೇ ಭಾಗ: ಕಿಟಕಿ

ಸ್ವಿಂಗ್‌ನಲ್ಲಿ ಚಿತ್ರ ಬರೆಯುವುದು, ಬಟನ್ ಒತ್ತಿದ್ದನ್ನು ತಿಳಿಸುವುದು, ಕೀಲಿಮಣೆ ಕೇಳುವುದು ಎಲ್ಲವನ್ನೂ ಮಾಡುವುದು ಒಂದೇ ಎಳೆ. ಇವೆಂಟ್ ಡಿಸ್ಪ್ಯಾಚ್ ಥ್ರೆಡ್ ಎಂಬುದು ಅದರ ಹೆಸರು. ಡೈರಿಯಲ್ಲಿ ಹಾಲು ಅಳೆದುಕೊಳ್ಳುವವರು ಒಬ್ಬರೇ ಇದ್ದಾರೆ ಎಂದು ಭಾವಿಸಿ. ಕ್ಯಾನು ಹಿಡಿದವರ ಸಾಲು ಮುಂದೆ ನಿಂತಿದೆ. ಅವರು ಅಳತೆ ಬಿಟ್ಟು ಒಳಗೆ ಹೋಗಿ ಹೋದ ವರ್ಷದ ಪುಸ್ತಕ ಹುಡುಕುತ್ತ ಕೂತರೆ ಸಾಲು ಅಲ್ಲೇ ನಿಲ್ಲುತ್ತದೆ. ಕಿಟಕಿ ಕಲ್ಲಾಗುವುದು ಹೀಗೆಯೇ. ಕಂಪ್ಯೂಟರ್ ಹಾಳಾಗಿರುವುದಿಲ್ಲ, ಒಂದೇ ಎಳೆಯನ್ನು ನೀವು ಬೇರೆ ಕೆಲಸಕ್ಕೆ ಕಳಿಸಿರುತ್ತೀರಿ.

1. ಶುರು ಮಾಡುವುದು. ಮೇನ್ ಮೆಥಡ್ಡಿನಲ್ಲಿ ನೇರವಾಗಿ ಕಿಟಕಿ ಕಟ್ಟಬೇಡಿ. ಸ್ವಿಂಗ್‌ಯುಟಿಲಿಟೀಸ್ ಕ್ಲಾಸಿನ ಇನ್ವೋಕ್‌ಲೇಟರ್‌ಗೆ ಆ ಕೆಲಸ ಒಪ್ಪಿಸಿ. ಆಗ ಕಿಟಕಿ ಹುಟ್ಟುವುದೂ ಅದೇ ಎಳೆಯಲ್ಲಿ ಆಗುತ್ತದೆ.

2. ಜೆಫ್ರೇಮ್‌ನಿಂದ ಇನ್‌ಹೆರಿಟ್ ಮಾಡದಿರಿ. ಪಠ್ಯಪುಸ್ತಕಗಳ ಉದಾಹರಣೆಗಳು ಹಾಗೆ ಮಾಡುತ್ತವೆ, ನನಗೆ ಅದು ಒಪ್ಪಿಗೆಯಿಲ್ಲ. ನಿಮ್ಮದು ಹೊಸ ಬಗೆಯ ಕಿಟಕಿಯಲ್ಲ, ಕಿಟಕಿಯನ್ನು ಬಳಸುವ ಪರದೆ. ‘ಹಾಲಿನಪರದೆ’ ಎಂಬ ಕ್ಲಾಸಿನೊಳಗೆ ಜೆಫ್ರೇಮ್ ಒಂದು ಫೀಲ್ಡ್ ಆಗಿರಲಿ, ಖಾತೆ ಇನ್ನೊಂದು ಫೀಲ್ಡ್. ಖಾತೆಯನ್ನು ಕನ್‌ಸ್ಟ್ರಕ್ಟರ್ ಮೂಲಕ ಹೊರಗಿನಿಂದ ಕೊಡಿ.

3. ಜೋಡಣೆ. ಜೆಫ್ರೇಮ್ ತಾನಾಗಿ ಬಳಸುವುದು ಬಾರ್ಡರ್‌ಲೇಔಟ್. ಅದಕ್ಕೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ನಡು ಎಂಬ ಐದು ಜಾಗ, ಪ್ರತಿ ಜಾಗಕ್ಕೆ ಒಂದೇ ವಸ್ತು. ಎಲ್ಲಿ ಎಂದು ಹೇಳದೆ ಮೂರು ಬಟನ್ ಸೇರಿಸಿದರೆ ಮೂರೂ ನಡುವಿಗೇ ಹೋಗಿ ಕೊನೆಯದು ಮಾತ್ರ ಕಾಣುತ್ತದೆ. ನಮ್ಮ ಪರದೆಗೆ ಇದು ಸರಿಹೊಂದುತ್ತದೆ: ಮೇಲೆ ತುಂಬುವ ಫಾರ್ಮು ಒಂದು ಪ್ಯಾನೆಲ್ಲಿನಲ್ಲಿ, ನಡುವೆ ಟೇಬಲ್, ಕೆಳಗೆ ಒಟ್ಟು ಮೊತ್ತ. ಲೇಔಟನ್ನು ತೆಗೆದುಹಾಕಿ ಪಿಕ್ಸೆಲ್ ಲೆಕ್ಕದಲ್ಲಿ ವಸ್ತುಗಳನ್ನು ಇಡುವ ಆಸೆ ಎಲ್ಲರಿಗೂ ಆಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಚೆಂದ ಕಾಣುವುದು ಡೈರಿಯ ಹಳೆಯ ಮಾನಿಟರಿನಲ್ಲಿ ಅರ್ಧ ಕತ್ತರಿಸಿಹೋಗುತ್ತದೆ. ಎಲ್ಲ ಸೇರಿಸಿದ ಮೇಲೆ ಪ್ಯಾಕ್ ಮೆಥಡ್ ಕರೆಯಿರಿ, ಸೆಟ್‌ವಿಸಿಬಲ್ ಕೊನೆಯಲ್ಲಿ ಬರಲಿ.

4. ಟೇಬಲ್. ಅಬ್‌ಸ್ಟ್ರ್ಯಾಕ್ಟ್‌ಟೇಬಲ್‌ಮಾಡೆಲ್‌ನಿಂದ ಇನ್‌ಹೆರಿಟ್ ಮಾಡಿ. ಇನ್‌ಹೆರಿಟೆನ್ಸಿಗೆ ಇದು ಸರಿಯಾದ ಜಾಗ, ಏಕೆಂದರೆ ನೀವು ನಿಜವಾಗಿಯೂ ಒಂದು ಹೊಸ ಬಗೆಯ ಟೇಬಲ್ ಮಾಡೆಲ್ ಬರೆಯುತ್ತಿದ್ದೀರಿ. ಬರೆಯಲೇಬೇಕಾದ್ದು ಮೂರು ಮೆಥಡ್: ಎಷ್ಟು ಸಾಲು, ಎಷ್ಟು ಅಂಕಣ, ಈ ಸಾಲಿನ ಈ ಅಂಕಣದಲ್ಲಿ ಏನಿದೆ. ಮೂರಕ್ಕೂ ಉತ್ತರವನ್ನು ಖಾತೆಯ ಪಟ್ಟಿಯಿಂದಲೇ ಕೊಡಿ. ದಾಖಲೆಗಳನ್ನು ಟೇಬಲ್ಲಿಗೆ ನಕಲು ಮಾಡಬೇಡಿ. ನಕಲು ಬಂದಲ್ಲಿ ಒಂದು ದಿನ ಎರಡೂ ಬೇರೆಬೇರೆ ಹೇಳುತ್ತವೆ. ಹೊಸ ಸಾಲು ಸೇರಿದಾಗ ಫೈರ್‌ಟೇಬಲ್‌ರೋಸ್‌ಇನ್ಸರ್ಟೆಡ್ ಕರೆದು ಟೇಬಲ್ಲಿಗೆ ಸುದ್ದಿ ಮುಟ್ಟಿಸಿ. ಟೇಬಲ್ಲನ್ನು ಜೆಸ್ಕ್ರೋಲ್‌ಪೇನ್ ಒಳಗಿಡಿ, ಇಲ್ಲದಿದ್ದರೆ ಅಂಕಣಗಳ ಶೀರ್ಷಿಕೆ ಕಾಣುವುದಿಲ್ಲ.

5. ಬಟನ್. ‘ಸೇರಿಸು’ ಬಟನ್ನಿನ ಲಿಸನರ್ ಚಿಕ್ಕದಾಗಿರಬೇಕು. ಪೆಟ್ಟಿಗೆಗಳ ಪಠ್ಯ ಓದು, ಸಂಖ್ಯೆಯಾಗಿ ಬದಲಿಸು, ಖಾತೆಗೆ ಕೊಡು, ಟೇಬಲ್ಲಿಗೆ ತಿಳಿಸು, ಪೆಟ್ಟಿಗೆ ಖಾಲಿ ಮಾಡಿ ಕರ್ಸರನ್ನು ಸದಸ್ಯ ಸಂಖ್ಯೆಗೆ ಮರಳಿಸು. ಅಷ್ಟೇ. ಗುಣಾಕಾರ ಕಂಡರೆ ಅದು ತಪ್ಪು ಜಾಗದಲ್ಲಿದೆ. ಬೆಳಿಗ್ಗೆ ಆರಕ್ಕೆ ಸಾಲು ನಿಂತಿರುವಾಗ ಮೌಸ್ ಹುಡುಕಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಸೆಟ್‌ಡಿಫಾಲ್ಟ್‌ಬಟನ್ ಬಳಸಿ ಎಂಟರ್ ಒತ್ತಿದರೂ ದಾಖಲೆ ಸೇರುವಂತೆ ಮಾಡಿ. ಈ ಒಂದು ಸಾಲಿಗೆ ಕಾರ್ಯದರ್ಶಿ ನಿಮ್ಮನ್ನು ದಿನಾ ನೆನೆಯುತ್ತಾರೆ.

ಸಂಖ್ಯೆಯಾಗಿ ಬದಲಿಸುವಲ್ಲಿ ನಮಗೆ ಅನುಕೂಲವಾದ ಒಂದು ಸಂಗತಿಯಿದೆ. ಇಂಟಿಜರ್ ಕ್ಲಾಸಿನ ಪಾರ್ಸ್‌ಇಂಟ್ ಮತ್ತು ಬಿಗ್‌ಡೆಸಿಮಲ್ ಎರಡೂ ಕನ್ನಡ ಅಂಕಿಗಳನ್ನು ಒಪ್ಪುತ್ತವೆ. ‘೬.೫’ ಎಂದು ಟೈಪಿಸಿದರೆ ಬಿಗ್‌ಡೆಸಿಮಲ್‌ಗೆ ಅದು ಆರೂವರೆಯೇ. ಡಬಲ್ ಕ್ಲಾಸಿನ ಪಾರ್ಸ್‌ಡಬಲ್‌ಗೆ ಇದು ತಿಳಿಯದು, ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಎಸೆಯುತ್ತದೆ. ಹಣಕ್ಕೆ ಬಿಗ್‌ಡೆಸಿಮಲ್ ಆರಿಸಿದ್ದಕ್ಕೆ ಇದು ಮೇಲಿನ ಲಾಭ. ಅಕ್ಷರ ಟೈಪಿಸಿದಾಗ ಆ ಎಕ್ಸೆಪ್ಶನ್ ಎಲ್ಲ ಕಡೆಯೂ ಬರುವುದೇ. ಅದನ್ನು ಹಿಡಿದು, ಯಾವ ಪೆಟ್ಟಿಗೆಯಲ್ಲಿ ತಪ್ಪಿದೆ ಎಂದು ಕನ್ನಡದಲ್ಲಿ ಹೇಳಿ. ‘ದೋಷ ಸಂಭವಿಸಿದೆ’ ಎಂದಷ್ಟೇ ಹೇಳಿದರೆ ಯಾರಿಗೂ ಪ್ರಯೋಜನವಿಲ್ಲ. ‘ಲೀಟರ್ ಜಾಗದಲ್ಲಿ ಅಂಕಿ ಬರೆಯಿರಿ’ ಎನ್ನಿ.

6. ನಿಧಾನದ ಕೆಲಸ. ಇನ್ನೂರು ಸದಸ್ಯರಿರುವ ಡೈರಿಯಲ್ಲಿ ಎಲ್ಲರೂ ದಿನಕ್ಕೆರಡು ಸಲ ಹಾಲು ಹಾಕಿದರೆ ವರ್ಷಕ್ಕೆ 1,46,000 ಸಾಲು. ಅಷ್ಟನ್ನು ಓದಿ ವರದಿ ಮಾಡುವುದನ್ನು ಲಿಸನರ್ ಒಳಗೆ ಇಡಬಾರದು. ಸ್ವಿಂಗ್‌ವರ್ಕರ್ ಇರುವುದೇ ಇದಕ್ಕೆ. ಅದರ ಡೂಇನ್‌ಬ್ಯಾಕ್‌ಗ್ರೌಂಡ್ ಬೇರೆ ಎಳೆಯಲ್ಲಿ ಓಡುತ್ತದೆ. ಅಲ್ಲಿ ಲೇಬಲ್ಲು, ಟೇಬಲ್ಲು ಯಾವುದನ್ನೂ ಮುಟ್ಟಬೇಡಿ. ಡನ್ ಮೆಥಡ್ ಕಿಟಕಿಯ ಎಳೆಯಲ್ಲಿ ಓಡುತ್ತದೆ, ಪರದೆಗೆ ಫಲಿತಾಂಶ ತರುವುದು ಅಲ್ಲಿ. ಡನ್ ಒಳಗೆ ಗೆಟ್ ಕರೆಯಲು ಮರೆಯಬೇಡಿ. ಮರೆತರೆ ಹಿನ್ನೆಲೆಯಲ್ಲಿ ಬಂದ ಎಕ್ಸೆಪ್ಶನ್ ಯಾರಿಗೂ ಕಾಣದೆ ಮುಚ್ಚಿಹೋಗುತ್ತದೆ, ವರದಿ ಯಾಕೆ ಬರಲಿಲ್ಲ ಎಂದು ನೀವು ತಲೆ ಚಚ್ಚಿಕೊಳ್ಳುತ್ತೀರಿ.

ಪದೇಪದೇ ಆಗುವ ತಪ್ಪುಗಳು

ಸದಸ್ಯ ಸಂಖ್ಯೆಯನ್ನು ಎರಡು ಸಮಚಿಹ್ನೆಯಿಂದ ಹೋಲಿಸುವುದು. ಇಂಟಿಜರ್ ಆಬ್ಜೆಕ್ಟುಗಳಲ್ಲಿ -128ರಿಂದ 127ರವರೆಗಿನವನ್ನು ಜಾವಾ ಮೊದಲೇ ಮಾಡಿಟ್ಟು ಮರುಬಳಸುತ್ತದೆ. ಹಾಗಾಗಿ 127ನೇ ಸದಸ್ಯರವರೆಗೆ ಹೋಲಿಕೆ ಸರಿಯಾಗಿಯೇ ನಡೆದು 128ನೇ ಸದಸ್ಯರಿಂದ ಕೈಕೊಡುತ್ತದೆ. ಹತ್ತು ಸದಸ್ಯರನ್ನಿಟ್ಟು ಪರೀಕ್ಷಿಸಿದವರಿಗೆ ಇದು ಎಂದೂ ಕಾಣುವುದಿಲ್ಲ. ಈಕ್ವಲ್ಸ್ ಬಳಸಿ.

ಆದರೆ ಬಿಗ್‌ಡೆಸಿಮಲ್‌ಗೆ ಈಕ್ವಲ್ಸ್ ಬೇಡ. ಅದರ ಕಣ್ಣಿಗೆ 6.5 ಮತ್ತು 6.50 ಬೇರೆಬೇರೆ. ಅಲ್ಲಿ ಕಂಪೇರ್‌ಟು ಸರಿ.

ಒಟ್ಟಿಗೆ ಕೂಡಿಸಿದರೂ ಒಟ್ಟು ಸೊನ್ನೆಯೇ ಬರುವುದು. ಬಿಗ್‌ಡೆಸಿಮಲ್ ತನ್ನನ್ನು ಬದಲಿಸಿಕೊಳ್ಳುವುದಿಲ್ಲ, ಕೂಡಿಸಿದ ಹೊಸ ಸಂಖ್ಯೆಯನ್ನು ಕೊಡುತ್ತದೆ. ಅದನ್ನು ವೇರಿಯಬಲ್‌ಗೆ ಮತ್ತೆ ಹಾಕಿಕೊಳ್ಳಬೇಕು. ಸರಾಸರಿ ಫ್ಯಾಟ್ ತೆಗೆಯುವಾಗ ಎಷ್ಟು ದಶಮಾಂಶ ಸ್ಥಾನ ಎಂದು ಹೇಳದೆ 10ನ್ನು 3ರಿಂದ ಭಾಗಿಸಿದರೆ ಅರಿತ್ಮೆಟಿಕ್‌ಎಕ್ಸೆಪ್ಶನ್ ಬರುತ್ತದೆ.

ಪಟ್ಟಿಯ ಮೇಲೆ ಫಾರ್ ಸುತ್ತು ಹಾಕುತ್ತಲೇ ಅದರಿಂದ ದಾಖಲೆ ತೆಗೆಯುವುದು. ಕಾನ್‌ಕರೆಂಟ್‌ಮಾಡಿಫಿಕೇಶನ್‌ಎಕ್ಸೆಪ್ಶನ್ ಎದುರಾಗುತ್ತದೆ. ರಿಮೂವ್‌ಇಫ್ ಬಳಸಿದರೆ ತೊಂದರೆಯಿಲ್ಲ.

ತಾರೀಕಿನ ನಮೂನೆಯಲ್ಲಿ ವರ್ಷಕ್ಕೆ ದೊಡ್ಡ ವೈ ಅಕ್ಷರ ಬರೆಯುವುದು. ಅದು ವಾರದ ಲೆಕ್ಕದ ವರ್ಷ. 2024ರ ಡಿಸೆಂಬರ್ 31 ಅದರಲ್ಲಿ 2025 ಎಂದು ಮುದ್ರಣವಾಗುತ್ತದೆ. ವರ್ಷವೆಲ್ಲ ಸರಿಯಿದ್ದು ಕೊನೆಯ ವಾರದಲ್ಲಿ ಮಾತ್ರ ಕೆಡುವ ತಪ್ಪು ಇದು. ಚಿಕ್ಕ ವೈ ಬರೆಯಿರಿ. ತಿಂಗಳಿಗೆ ದೊಡ್ಡ ಎಮ್, ಚಿಕ್ಕದು ನಿಮಿಷಕ್ಕೆ.

ಕಿಟಕಿ ಮುಚ್ಚಿದರೂ ಪ್ರೋಗ್ರಾಂ ಒಳಗೊಳಗೇ ಓಡುತ್ತಿರುವುದು. ಮುಚ್ಚುವ ಗುರುತು ಒತ್ತಿದಾಗ ಜೆಫ್ರೇಮ್ ತಾನಾಗಿ ಮಾಡುವುದು ಮರೆಯಾಗುವುದನ್ನಷ್ಟೇ. ಎಕ್ಸಿಟ್‌ಆನ್‌ಕ್ಲೋಸ್ ಎಂದು ಹೇಳಬೇಕು. ಅದಕ್ಕೂ ಮೊದಲು, ಪ್ರತಿ ದಾಖಲೆಯನ್ನೂ ಸೇರಿಸಿದ ಕೂಡಲೇ ಫೈಲಿಗೆ ಬರೆಯುವಂತೆ ಮಾಡಿಕೊಳ್ಳಿ. ಕರೆಂಟು ಹೇಳಿಕೇಳಿ ಹೋಗುವುದಿಲ್ಲ.

ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಾಣುವುದು. ನೀವು ಹೆಸರಿಸಿದ ಫಾಂಟ್ ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಜಾವಾ ದೂರು ಹೇಳದೆ ತನ್ನದೇ ಒಂದನ್ನು ಹಾಕಿಕೊಳ್ಳುತ್ತದೆ. ಫಾಂಟ್ ಕ್ಲಾಸಿನ ಕ್ಯಾನ್‌ಡಿಸ್‌ಪ್ಲೇಅಪ್‌ಟು ಮೆಥಡ್ಡಿಗೆ ಕನ್ನಡದ ಒಂದು ಪದ ಕೊಟ್ಟು ನೋಡಿ. -1 ಬಂದರೆ ಎಲ್ಲ ಅಕ್ಷರವೂ ಮೂಡುತ್ತದೆ ಎಂದರ್ಥ. ಇಲ್ಲವಾದರೆ ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಪ್ರೋಗ್ರಾಮಿನ ಜೊತೆಗೇ ಇಟ್ಟು ಕ್ರಿಯೇಟ್‌ಫಾಂಟ್ ಮೂಲಕ ಓದಿಸಿ.

ಎಲ್ಲ ಮುಗಿದ ಮೇಲೆ ಡೈರಿಗೆ ಒಪ್ಪಿಸುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯದೋ ಪಕ್ಕದ ಮನೆಯದೋ ಹಾಲಿನ ಪುಸ್ತಕ ತಂದು, ಕಳೆದ ಬಟವಾಡೆಯ ದಾಖಲೆಗಳನ್ನೆಲ್ಲ ಒಂದೊಂದಾಗಿ ಟೈಪಿಸಿ ಒಟ್ಟು ಹೋಲಿಸಿ. ಪೈಸೆಯಷ್ಟು ವ್ಯತ್ಯಾಸ ಬಂದರೂ ಪುಸ್ತಕದ ಮೇಲೆ ಅನುಮಾನಪಡುವ ಮುಂಚೆ, ಎಲ್ಲಿ ಸರಿಗೊಳಿಸಿದ್ದೀರಿ ಎಂದು ಖಾತೆ ಕ್ಲಾಸನ್ನು ತೆರೆದು ನೋಡಿ.